ಪಶುವೈದ್ಯರ ಬಳಲಿಕೆ: ಅಳೆಯುವುದು ಹೇಗೆ, ಬಂದ ಅಂಕಿಯನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಹಳೆ ಮೈಸೂರು ಭಾಗದ ಒಂದು ತಾಲ್ಲೂಕಿನಲ್ಲಿ ಪಶುವೈದ್ಯಾಧಿಕಾರಿ. ನನ್ನ ಆಸ್ಪತ್ರೆಯ ಜೊತೆಗೆ ಇನ್ನೆರಡು ಚಿಕಿತ್ಸಾಲಯಗಳ ಪ್ರಭಾರವೂ ನನ್ನ ಮೇಲಿದೆ. ನಮ್ಮ ಸಂಘದ ಪರವಾಗಿ, ಬರ್ನ್‌ಔಟ್ ಅಂದರೆ ವೃತ್ತಿಯ ಬಳಲಿಕೆಯನ್ನು ಅಳೆಯುವ, ಅಂತರ್ಜಾಲದಲ್ಲಿ ಸಿಕ್ಕ 22 ಪ್ರಶ್ನೆಗಳ ಮಾಸ್ಲಾಕ್ ಪ್ರಶ್ನಾವಳಿಯನ್ನು ಗೂಗಲ್ ಫಾರ್ಮ್‌ಗೆ ಹಾಕಿ ವಾಟ್ಸ್‌ಆಪ್ ಗುಂಪಿನಲ್ಲಿ ಹಂಚಿದೆ. ಕಾಲುಬಾಯಿ ರೋಗದ ಲಸಿಕೆ ಹಾಕುತ್ತಿದ್ದ ತಿಂಗಳದು. ತುಂಬಿ ಕಳಿಸಿದವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ‘ತೀವ್ರ ಬರ್ನ್‌ಔಟ್’ ಎಂದು ಬಂದಿದೆ. ಇದನ್ನು ಇಲಾಖೆಗೂ ಪತ್ರಿಕೆಗಳಿಗೂ ಕೊಡೋಣ ಎಂದು ಕಿರಿಯರು ಹೇಳುತ್ತಾರೆ. ಇದೆಲ್ಲ ಕೆಲಸಗಳ್ಳರ ನೆಪ ಎಂದು ಹಿರಿಯರು ನಗುತ್ತಾರೆ. ಈ ಅಂಕಿಯನ್ನು ನಂಬಬಹುದೇ? ಬರ್ನ್‌ಔಟ್ ಒಂದು ಕಾಯಿಲೆಯೇ? ವಿದೇಶಗಳಲ್ಲಿ ಪಶುವೈದ್ಯರ ಆತ್ಮಹತ್ಯೆ ಹೆಚ್ಚು ಎಂದು ಓದಿದ್ದೇವೆ, ಇಲ್ಲಿಯೂ ಹಾಗೆಯೇ? ಸರಿಯಾಗಿ ಅಳೆಯುವ ಕ್ರಮ ಯಾವುದು? ಅಂದಹಾಗೆ, ನನ್ನ ಅಂಕವೂ ಮೇಲಿನ ಗುಂಪಿನಲ್ಲೇ ಇದೆ. ಕೆಲವು ತಿಂಗಳಿಂದ ಬೆಳಿಗ್ಗೆ ಏಳುವಾಗಲೇ ಮೈ ಭಾರ, ಸೊಂಟ ಮತ್ತು ಕೀಲುಗಳಲ್ಲಿ ನೋವು, ರಾತ್ರಿ ಬೆವರು, ಯಾವುದರಲ್ಲೂ ಆಸಕ್ತಿ ಇಲ್ಲ.

ಉತ್ತರ: ನೀವು ‘ಅಂದಹಾಗೆ’ ಎಂದು ಕೊನೆಯಲ್ಲಿ ಸೇರಿಸಿದ್ದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ವೃತ್ತಿಯ ಬಳಲಿಕೆಯ ಬಗ್ಗೆ ಸಲಹೆಗೆ ಬರುವ ಪಶುವೈದ್ಯರಿಗೆ ನಾನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ದನಗಳಿಂದ ಮನುಷ್ಯರಿಗೆ ಹರಡುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಸೋಂಕಿನ ಪರೀಕ್ಷೆ ಮಾಡಿಸಿದ್ದೀರಾ ಎಂಬುದು. ಕಂದು ಹಾಕಿದ ಹಸುವನ್ನು ಮುಟ್ಟುವುದು, ಕಸ ಬೀಳದ ಹಸುವಿನ ಗರ್ಭಕೋಶಕ್ಕೆ ಕೈ ಹಾಕಿ ಬಿಡಿಸುವುದು, ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಹಾಕುವ ಜೀವಂತ ಲಸಿಕೆಯ ಸೂಜಿ ತಪ್ಪಿ ಕೈಗೆ ಚುಚ್ಚಿಕೊಳ್ಳುವುದು, ಇವೆಲ್ಲ ನಿಮ್ಮ ಕೆಲಸದಲ್ಲಿ ಮಾಮೂಲಿ. ಈ ಸೋಂಕು ಮನುಷ್ಯರಲ್ಲಿ ತಿಂಗಳುಗಟ್ಟಲೆ ಎಡೆಬಿಡದ ಆಯಾಸ, ಕೀಲುನೋವು, ರಾತ್ರಿ ಬೆವರು, ಬಂದು ಹೋಗುವ ಜ್ವರ ಮತ್ತು ಖಿನ್ನತೆಯನ್ನೇ ಹೋಲುವ ಮಂಕುತನವನ್ನು ತರಬಲ್ಲದು. ಪ್ರಶ್ನಾವಳಿಗೆ ಇದು ಗೊತ್ತಾಗುವುದಿಲ್ಲ. ಅದರ ಪಾಲಿಗೆ ದಣಿದ ಉತ್ತರಗಳೆಲ್ಲ ಒಂದೇ. ಆದ್ದರಿಂದ ಸಮೀಕ್ಷೆಯ ಚರ್ಚೆ ಮುಗಿಯುವವರೆಗೆ ಕಾಯದೆ, ನಿಮ್ಮ ವೃತ್ತಿ ಏನೆಂಬುದನ್ನು ಸ್ಪಷ್ಟವಾಗಿ ತಿಳಿಸಿ, ಒಬ್ಬ ಫಿಸಿಷಿಯನ್ ಬಳಿ ಬ್ರುಸೆಲ್ಲಾ ರಕ್ತಪರೀಕ್ಷೆಯನ್ನೂ ಅದರ ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಮತ್ತು ಬಿ12 ಪರೀಕ್ಷೆಗಳನ್ನೂ ಮಾಡಿಸಿಕೊಳ್ಳಿ. ಹಸುವಿನ ರಕ್ತವನ್ನು ಪ್ರಯೋಗಾಲಯಕ್ಕೆ ಕಳಿಸುವವರು ತಮ್ಮ ರಕ್ತವನ್ನು ಕೊಡಲು ಏಕೆ ಇಷ್ಟು ಹಿಂದೆಮುಂದೆ ನೋಡುತ್ತಾರೋ, ನನಗೆ ಇಂದಿಗೂ ಅರ್ಥವಾಗಿಲ್ಲ.

ಎರಡನೆಯದು ಖಿನ್ನತೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಮಾಪನ ಹಿಂದಿನ ಎರಡು ವಾರಗಳ ಸ್ಥಿತಿಯನ್ನು ಕೇಳುತ್ತದೆ. ಒಟ್ಟು 27 ಅಂಕಗಳಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಬರ್ನ್‌ಔಟ್ ಮತ್ತು ಖಿನ್ನತೆಯ ಲಕ್ಷಣಗಳು ಒಂದರ ಮೇಲೊಂದು ಹಾಯುತ್ತವೆ, ಆದರೂ ಒಂದು ಸುಳಿವು ಉಪಯೋಗಕ್ಕೆ ಬರುತ್ತದೆ. ವೃತ್ತಿಯ ಬಳಲಿಕೆ ಮೊದಮೊದಲು ಕೆಲಸಕ್ಕೆ ಅಂಟಿಕೊಂಡಿರುತ್ತದೆ. ನಾಲ್ಕು ದಿನ ಮೊಬೈಲ್ ಆರಿಸಿ ಊರಿಗೆ ಹೋದರೆ ಮನಸ್ಸು ಸ್ವಲ್ಪವಾದರೂ ತಿಳಿಯಾಗುತ್ತದೆ. ಖಿನ್ನತೆ ರಜೆಯಲ್ಲೂ ಹಿಂದೆಯೇ ಬರುತ್ತದೆ. ಮಗಳ ಆಟ, ಇಷ್ಟದ ಊಟ, ನೆಂಟರ ಮದುವೆ ಯಾವುದೂ ರುಚಿಸುವುದಿಲ್ಲ. ನೀವು ‘ಯಾವುದರಲ್ಲೂ’ ಎಂದು ಬರೆದಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಬದುಕು ಸಾಕೆನ್ನುವ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ ಅದನ್ನು ಮನೆಯವರಲ್ಲಿ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಔಷಧಿ ಬೀರುವಿನ ಕೀಲಿಯನ್ನು ಕೆಲವು ದಿನ ಸಹೋದ್ಯೋಗಿಯ ಬಳಿ ಇಡಿ, 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಬರ್ನ್‌ಔಟ್ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಅದನ್ನು ಉದ್ಯೋಗಕ್ಕೆ ಸಂಬಂಧಿಸಿದ ಒಂದು ವಿದ್ಯಮಾನ ಎಂದು ಮಾತ್ರ ಕರೆದಿದೆ. ನಿಭಾಯಿಸಲಾಗದೆ ಉಳಿದುಹೋದ ಕೆಲಸದ ಒತ್ತಡದಿಂದ ಹುಟ್ಟುವ ನಿತ್ರಾಣ, ಕೆಲಸದಿಂದ ಮಾನಸಿಕವಾಗಿ ದೂರ ಸರಿಯುವುದು ಅಥವಾ ಅದರ ಬಗ್ಗೆ ಸಿನಿಕತನ, ತನ್ನ ಕೈಯಲ್ಲಿ ಏನೂ ಆಗುತ್ತಿಲ್ಲವೆಂಬ ಭಾವ, ಈ ಮೂರೂ ಸೇರಿದ ಸ್ಥಿತಿ ಅದು. ‘ಕಾಯಿಲೆಯಲ್ಲ’ ಎಂದ ಮಾತ್ರಕ್ಕೆ ‘ಸುಳ್ಳು’ ಎಂದಾಗುವುದಿಲ್ಲ, ಇದನ್ನು ನಿಮ್ಮ ಹಿರಿಯರಿಗೆ ಹೇಳಿ. ಕಿರಿಯರಿಗೆ ಹೇಳಬೇಕಾದದ್ದು ಬೇರೆ ಇದೆ: ಯಾವ ಪ್ರಶ್ನಾವಳಿಯ ಅಂಕವೂ ರೋಗನಿರ್ಣಯವಲ್ಲ, ಅದನ್ನು ವೈದ್ಯಕೀಯ ಪ್ರಮಾಣಪತ್ರದಂತೆ ಬಳಸಲಾಗದು.

ನಿಮ್ಮ ‘ಮೂರರಲ್ಲಿ ಎರಡು’ ಎಂಬ ಅಂಕಿಯನ್ನು ನಾನು ಹೊರಗೆ ಹೇಳುವುದಿಲ್ಲ, ನೀವೂ ಹೇಳಬೇಡಿ. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ರೂಪಿಸಿದ ಆ ಪ್ರಶ್ನಾವಳಿಯಲ್ಲಿ ಭಾವನಾತ್ಮಕ ನಿತ್ರಾಣಕ್ಕೆ ಒಂಬತ್ತು, ಎದುರಿಗಿರುವವರನ್ನು ವಸ್ತುವಿನಂತೆ ಕಾಣುವ ಪ್ರವೃತ್ತಿಗೆ ಐದು, ವೈಯಕ್ತಿಕ ಸಾಧನೆಯ ಭಾವಕ್ಕೆ ಎಂಟು ಪ್ರಶ್ನೆಗಳಿವೆ. ಮೂರನ್ನೂ ಬೇರೆ ಬೇರೆಯಾಗಿ ಓದಬೇಕು, ಕೂಡಿಸಿ ಒಂದೇ ಮೊತ್ತ ಮಾಡುವಂತಿಲ್ಲ. ನಿತ್ರಾಣದಲ್ಲಿ 54ಕ್ಕೆ 27 ಅಥವಾ ಅದಕ್ಕಿಂತ ಹೆಚ್ಚು ಬಂದರೆ ‘ತೀವ್ರ’ ಎಂಬ ಗೆರೆ ಬಹಳ ಕಾಲ ಚಾಲ್ತಿಯಲ್ಲಿತ್ತು, ಅಂತರ್ಜಾಲದಲ್ಲಿ ಈಗಲೂ ಸಿಗುವುದು ಅದೇ. ಆ ಗೆರೆಯನ್ನು ಯಾವುದೇ ವೈದ್ಯಕೀಯ ಪರೀಕ್ಷೆಯ ಆಧಾರದ ಮೇಲೆ ಎಳೆದದ್ದಲ್ಲ. ಉತ್ತರಿಸಿದ ಜನರನ್ನು ಅಂಕಗಳ ಪ್ರಕಾರ ಮೂರು ಪಾಲು ಮಾಡಿ ಮೇಲಿನ ಪಾಲಿಗೆ ‘ತೀವ್ರ’ ಎಂದು ಹೆಸರಿಟ್ಟದ್ದು. 2016ರ ಕೈಪಿಡಿಯಲ್ಲಿ ಆ ಗೆರೆಗಳನ್ನೇ ಕೈಬಿಡಲಾಗಿದೆ. 26 ಬಂದವರು ಆರೋಗ್ಯವಂತರು, 27 ಬಂದವರು ಬೆಂದುಹೋದವರು ಎಂದು ಹೇಳುವುದರಲ್ಲಿ ಯಾವ ಶಾಸ್ತ್ರವೂ ಇಲ್ಲ.

ಗೆರೆ ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ಶೇಕಡಾವಾರು ಎಷ್ಟು ಕುಣಿಯುತ್ತದೆ ಎಂಬುದಕ್ಕೆ ಮನುಷ್ಯರ ವೈದ್ಯರ ಅಧ್ಯಯನಗಳೇ ಸಾಕ್ಷಿ. 2018ರಲ್ಲಿ ಪ್ರಕಟವಾದ ಒಂದು ಸಮಗ್ರ ಪರಿಶೀಲನೆಯಲ್ಲಿ 45 ದೇಶಗಳ 182 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ವೈದ್ಯರಲ್ಲಿ ಬರ್ನ್‌ಔಟ್ ಪ್ರಮಾಣ ಶೂನ್ಯದಿಂದ ಶೇ 80.5ರವರೆಗೆ ಹರಡಿಕೊಂಡಿತ್ತು, ಮತ್ತು ಬರ್ನ್‌ಔಟನ್ನು ಗುರುತಿಸಲು ಕನಿಷ್ಠ 142 ಬಗೆಯ ವ್ಯಾಖ್ಯೆಗಳು ಬಳಕೆಯಾಗಿದ್ದವು. ಇಂಥ ಸ್ಥಿತಿಯಲ್ಲಿ ನಿಮ್ಮ ಜಿಲ್ಲೆಯ ಅಂಕಿಯನ್ನು ಬೇರೆ ರಾಜ್ಯದ ಅಥವಾ ಬೇರೆ ದೇಶದ ಅಂಕಿಯ ಪಕ್ಕದಲ್ಲಿಟ್ಟು ‘ನಾವೇ ಹೆಚ್ಚು’ ಎನ್ನುವುದಕ್ಕೆ ಅರ್ಥವಿಲ್ಲ.

ನಿಮ್ಮ ಸಮೀಕ್ಷೆಯದೇ ಆದ ತೊಡಕುಗಳೂ ಇವೆ. ಲಸಿಕೆಯ ತಿಂಗಳಲ್ಲಿ ಕೇಳಿದ್ದೀರಿ. ಬೆಳಗಿನ ಜಾವ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗಳಿಗೆ ಹೋಗಿ, ಬಿಸಿಲೇರಿದ ಮೇಲೆ ಹೊರರೋಗಿಗಳನ್ನು ನೋಡಿ, ಸಂಜೆ ದನಗಳ ಕಿವಿಗೆ ಹಾಕಿದ ಗುರುತಿನ ಓಲೆಯ ಹನ್ನೆರಡು ಅಂಕಿಗಳನ್ನು ಒಂದೊಂದಾಗಿ ಆ್ಯಪ್‌ಗೆ ಏರಿಸುವ ವಾರಗಳಲ್ಲಿ ಯಾರನ್ನು ಕೇಳಿದರೂ ದಣಿದಿದ್ದೇನೆ ಎನ್ನುತ್ತಾರೆ. ಅದು ನಿಜವೇ, ಆದರೆ ಅದು ಆ ಋತುವಿನ ದಣಿವು. ಎರಡನೆಯ ತೊಡಕು, ಯಾರು ತುಂಬಿದರು ಎಂಬುದು. ವಾಟ್ಸ್‌ಆಪ್ ಗುಂಪಿನಲ್ಲಿ ಬಂದ ಫಾರ್ಮನ್ನು ಹೆಚ್ಚು ನೊಂದವರು ಆಸಕ್ತಿಯಿಂದ ತುಂಬಿರಬಹುದು; ತೀರಾ ಸೋತವರು ತೆರೆದೂ ನೋಡದೆ ಬಿಟ್ಟಿರಬಹುದು. ಕೆಲಸ ಬಿಟ್ಟು ಔಷಧ ಕಂಪನಿ ಸೇರಿದವರು, ಬೇರೆ ಇಲಾಖೆಗೆ ನಿಯೋಜನೆ ಮಾಡಿಸಿಕೊಂಡು ಹೋದವರು ಆ ಗುಂಪಿನಲ್ಲೇ ಇಲ್ಲ. ಒಟ್ಟು ಸದಸ್ಯರಲ್ಲಿ ಎಷ್ಟು ಜನ ಉತ್ತರಿಸಿದರು ಎಂಬುದನ್ನು ನೀವು ಬರೆದಿಲ್ಲ. ಅದಿಲ್ಲದೆ ಶೇಕಡಾವಾರಿಗೆ ತಳವೇ ಇರುವುದಿಲ್ಲ. ಇನ್ನೊಂದು ಸಣ್ಣ ವಿಷಯ: ಮಾಸ್ಲಾಕ್ ಪ್ರಶ್ನಾವಳಿ ಹಕ್ಕುಸ್ವಾಮ್ಯಕ್ಕೆ ಒಳಪಟ್ಟದ್ದು, ಹಣ ಕೊಟ್ಟು ಪರವಾನಗಿ ಪಡೆದು ಬಳಸಬೇಕಾದದ್ದು. ಸಂಘದ ಹೆಸರಿನಲ್ಲಿ ಅದನ್ನು ಪ್ರಕಟಿಸಿದರೆ ತೊಂದರೆ ನಿಮಗೇ.

ಹಾಗಾದರೆ ಹಿರಿಯರು ಹೇಳಿದ್ದು ಸರಿಯೇ? ಖಂಡಿತ ಅಲ್ಲ. ‘ನಾವೂ ಸೈಕಲ್ ತುಳಿದುಕೊಂಡು ಹೋಗಿ ಕರು ತೆಗೆದಿದ್ದೇವೆ’ ಎಂಬ ಮಾತನ್ನು ನಾನೂ ಕೇಳಿದ್ದೇನೆ, ಅದು ಸುಳ್ಳಲ್ಲ. ಆದರೆ ಆ ಸೈಕಲ್ಲಿನ ಹಿಂದೆ ಮೊಬೈಲ್ ಇರಲಿಲ್ಲ, ದಿನದ ಗುರಿ ಇರಲಿಲ್ಲ, ಸಂಜೆಯ ವರದಿ ಇರಲಿಲ್ಲ. ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಬರ್ನ್‌ಔಟಿನ ಬೇರುಗಳನ್ನು ಆರು ಕಡೆ ಹುಡುಕಲು ಹೇಳುತ್ತಾರೆ: ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಸಿಗುವ ಪ್ರತಿಫಲ ಮತ್ತು ಮನ್ನಣೆ, ಸಹೋದ್ಯೋಗಿಗಳ ಬಳಗ, ನ್ಯಾಯ, ಮೌಲ್ಯಗಳು. ಜನ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಎಣಿಸುತ್ತಾರೆ. ನನ್ನ ಬಳಿ ಬಂದ ಪಶುವೈದ್ಯರಲ್ಲಿ ಹೆಚ್ಚಿನವರನ್ನು ಕುಗ್ಗಿಸಿದ್ದು ಹೊರೆಗಿಂತ ಹಿಡಿತವಿಲ್ಲದಿರುವುದು ಮತ್ತು ನ್ಯಾಯವಿಲ್ಲದಿರುವುದು.

ಒಂದು ಪ್ರಸಂಗವನ್ನು ನೋಡಿ. ಇದರಲ್ಲಿ ನಿಮಗೆ ಹೊಸದೇನೂ ಇರಲಾರದು. ಮೊದಲ ಸೂಲಿನ ಪಡ್ಡೆ ಮಧ್ಯಾಹ್ನದಿಂದ ತಿಣುಕುತ್ತಿದೆ. ಊರಿನ ನಾಲ್ಕು ಜನ ಕರುವಿನ ಕಾಲಿಗೆ ಹಗ್ಗ ಕಟ್ಟಿ ಎಳೆದಿದ್ದಾರೆ. ಆಗದಿದ್ದಾಗ ರಾತ್ರಿ ಹನ್ನೊಂದಕ್ಕೆ ವೈದ್ಯರಿಗೆ ಫೋನ್ ಬರುತ್ತದೆ. ವೈದ್ಯರು ಹೋಗಿ, ಬ್ಯಾಟರಿ ಬೆಳಕಿನಲ್ಲಿ ಕೈ ಹಾಕಿ ನೋಡಿದರೆ ಕರು ಸತ್ತಿದೆ, ಕತ್ತು ಹಿಂದಕ್ಕೆ ತಿರುಗಿದೆ, ಗರ್ಭಕೋಶ ಹರಿದಿದೆ. ಎರಡು ಗಂಟೆ ಹೆಣಗಿದರೂ ಬೆಳಗಾಗುವುದರೊಳಗೆ ಹಸುವೂ ಹೋಗುತ್ತದೆ. ಮನೆಯಾಕೆ ಡೇರಿಯ ಸಾಲದ ಕಂತನ್ನು ನೆನೆದು ಅಳುತ್ತಾರೆ. ಹತ್ತು ಗಂಟೆಗೆ ಪಂಚಾಯಿತಿ ಸದಸ್ಯರೊಬ್ಬರು ‘ಡಾಕ್ಟರು ತಡವಾಗಿ ಬಂದರು’ ಎಂದು ಮೇಲಧಿಕಾರಿಗೆ ದೂರುತ್ತಾರೆ. ಅದೇ ವೈದ್ಯರೇ ವಿಮೆಗಾಗಿ ಮರಣೋತ್ತರ ಪರೀಕ್ಷೆ ಮಾಡಿ ವರದಿ ಬರೆಯಬೇಕು. ಕಿವಿಯಲ್ಲಿ ಓಲೆ ಇಲ್ಲದಿದ್ದರೆ ಇತ್ತೆಂದು ಬರೆಯುವಂತೆ ಕೇಳುವವರೂ ಅಲ್ಲೇ ನಿಂತಿರುತ್ತಾರೆ. ಹನ್ನೆರಡಕ್ಕೆ ಪ್ರಭಾರದ ಆಸ್ಪತ್ರೆಯಿಂದ ಕರೆ ಬರುತ್ತದೆ. ಇಲ್ಲಿ ದಣಿಸಿದ್ದು ಆ ಎರಡು ಗಂಟೆಯ ದುಡಿಮೆಯಲ್ಲ. 2022ರ ಚರ್ಮಗಂಟು ರೋಗದ ತಿಂಗಳುಗಳಲ್ಲಿ ರಾಜ್ಯದ ಹಲವು ಕಡೆ ಇಂಥದೇ ದಿನಗಳು ಸಾಲಾಗಿ ಬಂದವು.

ಹೊರೆಯ ಮಾತೂ ಇದೆ. ಐದು ಸಾವಿರ ಜಾನುವಾರು ಘಟಕಗಳಿಗೆ ಒಬ್ಬ ಪಶುವೈದ್ಯರಿರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಶಿಫಾರಸು ಮಾಡಿತ್ತು. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 2.9 ಕೋಟಿ ಜಾನುವಾರುಗಳಿವೆ. ಅದರಲ್ಲಿ ಕುರಿ ಮೇಕೆಗಳ ಪಾಲು ದೊಡ್ಡದು, ಅವುಗಳಲ್ಲಿ ಹಲವು ಸೇರಿ ಒಂದು ಘಟಕವಾಗುವುದರಿಂದ ನೇರ ಭಾಗಾಕಾರ ಮಾಡಬೇಡಿ. ನಿಮ್ಮ ಮೂರು ಆಸ್ಪತ್ರೆಗಳ ವ್ಯಾಪ್ತಿಯ ಲೆಕ್ಕವನ್ನು ಮಾತ್ರ ಹಾಕಿ ನೋಡಿ; ಅದು ಯಾವ ಪ್ರಶ್ನಾವಳಿಗಿಂತಲೂ ಗಟ್ಟಿಯಾದ ಸಾಕ್ಷ್ಯ.

ಆತ್ಮಹತ್ಯೆಯ ಬಗ್ಗೆ ಕೇಳಿದ್ದೀರಿ. ಅಮೆರಿಕದಲ್ಲಿ 1979ರಿಂದ 2015ರವರೆಗಿನ ಪಶುವೈದ್ಯರ ಸಾವುಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ಜನರಿಗೆ ಹೋಲಿಸಿದರೆ ಆತ್ಮಹತ್ಯೆಯ ಪಾಲು ಪುರುಷ ಪಶುವೈದ್ಯರಲ್ಲಿ 2.1 ಪಟ್ಟು, ಮಹಿಳಾ ಪಶುವೈದ್ಯರಲ್ಲಿ 3.5 ಪಟ್ಟು ಇತ್ತು. ಬ್ರಿಟನ್ನಿನ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. ಈ ಅಂಕಿಗಳನ್ನು ಎತ್ತಿ ಇಲ್ಲಿಗೆ ತಂದು ಅಂಟಿಸಬೇಡಿ. ಅಲ್ಲಿನ ಪಶುವೈದ್ಯರಲ್ಲಿ ಬಹುಪಾಲು ಜನ ಸಾಕುನಾಯಿ, ಬೆಕ್ಕುಗಳ ಖಾಸಗಿ ಚಿಕಿತ್ಸೆಯಲ್ಲಿದ್ದಾರೆ, ಪ್ರಾಣಿಗಳಿಗೆ ದಯಾಮರಣ ಕೊಡುವುದು ಅವರ ನಿತ್ಯದ ಕೆಲಸದ ಭಾಗ. ಓದಿನ ಸಾಲವೂ ದೊಡ್ಡದು. ನಮ್ಮ ಹಳ್ಳಿಗಳಲ್ಲಿ ನೈತಿಕ ಸಂಕಟ ಹಲವು ಬಾರಿ ತಿರುಗುಮುರುಗು: ಬೆನ್ನುಮೂಳೆ ಮುರಿದು ಬಿದ್ದ ಹಸು ಏಳುವುದಿಲ್ಲ ಎಂದು ವೈದ್ಯರಿಗೆ ಗೊತ್ತು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಂಥ ಪ್ರಾಣಿಯ ನರಳಾಟ ಕೊನೆಗೊಳಿಸಲು ಅವಕಾಶವೂ ಇದೆ, ಆದರೆ ಮನೆಯವರು ಒಪ್ಪುವುದಿಲ್ಲ, ವೈದ್ಯರು ದಿನವೂ ಹೋಗಿ ನೋವಿನ ಇಂಜೆಕ್ಷನ್ ಹಾಕಿ ಬರುತ್ತಾರೆ. ಬೆಂಗಳೂರಿನ ಸಾಕುಪ್ರಾಣಿ ಕ್ಲಿನಿಕ್‌ಗಳಲ್ಲಿ ಕೆಲಸ ಮಾಡುವವರ ಕಷ್ಟ ಮತ್ತೆ ಬೇರೆ. ಗುಣವಾಗುವ ಕಾಯಿಲೆಗೂ ಹಣವಿಲ್ಲದೆ ಚಿಕಿತ್ಸೆ ನಿಲ್ಲಿಸುವುದು, ನಡುರಾತ್ರಿಯ ವಾಟ್ಸ್‌ಆಪ್ ಸಂದೇಶ, ಮರುದಿನದ ಒಂದು ಸ್ಟಾರ್ ರಿವ್ಯೂ. ವಿದೇಶದ ಪ್ರಶ್ನಾವಳಿಗಳು ಇವುಗಳಲ್ಲಿ ಕೆಲವನ್ನು ಕೇಳುವುದೇ ಇಲ್ಲ. ಅಲ್ಲಿನ ಅಧ್ಯಯನಗಳಿಂದ ನಾವು ತೆಗೆದುಕೊಳ್ಳಬೇಕಾದದ್ದು ಒಂದೇ. ಅಪಾಯಕಾರಿ ಔಷಧಿಗಳು ಕೈಗೆಟುಕುವ ವೃತ್ತಿ ಇದಾದ್ದರಿಂದ, ಮನಸ್ಸು ಕೆಟ್ಟ ದಿನಗಳಲ್ಲಿ ಆ ದಾಸ್ತಾನು ಇಬ್ಬರ ಉಸ್ತುವಾರಿಯಲ್ಲಿರಬೇಕು.

ಸರಿಯಾಗಿ ಅಳೆಯುವುದಾದರೆ ನಾನು ಆರಿಸುವುದು ಡೆನ್ಮಾರ್ಕಿನಲ್ಲಿ ರೂಪುಗೊಂಡು 2005ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ಬರ್ನ್‌ಔಟ್ ಪ್ರಶ್ನಾವಳಿಯನ್ನು. ಅದನ್ನು ಹಣ ಕೊಡದೆ ಬಳಸಬಹುದು. ವೈಯಕ್ತಿಕ ದಣಿವಿಗೆ ಆರು, ಕೆಲಸದ ದಣಿವಿಗೆ ಏಳು, ಸೇವೆ ಪಡೆಯುವವರಿಂದ ಆಗುವ ದಣಿವಿಗೆ ಆರು, ಒಟ್ಟು 19 ಪ್ರಶ್ನೆಗಳು; ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಅಂಕ; ಮೂರು ಭಾಗಗಳಿಗೂ ಬೇರೆ ಬೇರೆ ಸರಾಸರಿ. ಮನೆಯವರ ಜೊತೆ ಕಳೆಯಲು ಚೈತನ್ಯ ಉಳಿದಿರುತ್ತದೆಯೇ ಎಂಬ ಒಂದು ಪ್ರಶ್ನೆಯ ಅಂಕವನ್ನು ತಿರುಗಿಸಿ ಹಾಕಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮೂರನೆಯ ಭಾಗವನ್ನು ರೈತರಿಗೆ ಸಂಬಂಧಿಸಿದಂತೆ ಒಮ್ಮೆ, ಪ್ರಾಣಿಗಳಿಗೆ ಸಂಬಂಧಿಸಿದಂತೆ ಒಮ್ಮೆ ಕೇಳುವುದು ಪಶುವೈದ್ಯರ ಮಟ್ಟಿಗೆ ಅಗತ್ಯ. ಹಸುವಿನಿಂದ ಎಂದೂ ದಣಿಯದ ವೈದ್ಯರು ಅದರ ಮಾಲೀಕರಿಂದ ಪೂರ್ತಿ ದಣಿದಿರಬಹುದು, ಎರಡನ್ನೂ ಬೆರೆಸಿದರೆ ಸರಾಸರಿಯಲ್ಲಿ ಎರಡೂ ಮರೆಯಾಗುತ್ತವೆ. ಹೀಗೆ ಬದಲಾಯಿಸಿದ ಭಾಗವನ್ನು ಹೊರಗಿನ ಅಧ್ಯಯನಗಳ ಜೊತೆ ಹೋಲಿಸುವಂತಿಲ್ಲ ಎಂಬ ನಷ್ಟವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ವೃತ್ತಿ ಕೊಡುವ ತೃಪ್ತಿಯನ್ನೂ ಅಳೆಯಬೇಕೆಂದರೆ ಪ್ರೊಕ್ವಾಲ್ ಎಂಬ 30 ಪ್ರಶ್ನೆಗಳ ಉಚಿತ ಮಾಪನವಿದೆ. ಅದು ಸೇವೆಯ ತೃಪ್ತಿ, ಬರ್ನ್‌ಔಟ್ ಮತ್ತು ಪರರ ನೋವನ್ನು ಕಂಡು ಆಗುವ ಆಘಾತ ಮೂರನ್ನೂ ಕೇಳುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಉತ್ತರಿಸುವವರು ಅರ್ಧಕ್ಕೇ ಬಿಟ್ಟುಹೋಗುತ್ತಾರೆ, ಆದ್ದರಿಂದ ಒಂದನ್ನು ಮಾತ್ರ ಆರಿಸಿ.

ಪಿಎಚ್‌ಕ್ಯೂ-9 ಅನ್ನು ಸಂಘದ ಅನಾಮಧೇಯ ಸಮೀಕ್ಷೆಗೆ ಸೇರಿಸಲೇಬೇಡಿ. ಅದರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ ಕೇಳುತ್ತದೆ. ಯಾರೋ ಒಬ್ಬರು ‘ಹೆಚ್ಚುಕಡಿಮೆ ಪ್ರತಿದಿನ’ ಎಂದು ಗುರುತು ಹಾಕಿದರೆ, ಅವರು ಯಾರೆಂದು ತಿಳಿಯದ ನೀವು ಏನು ಮಾಡುತ್ತೀರಿ? ಅದರ ಬದಲು ಫಾರ್ಮಿನ ಕೊನೆಯಲ್ಲಿ ಸಹಾಯವಾಣಿಯ ಸಂಖ್ಯೆಯನ್ನೂ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹೊರರೋಗಿ ವಿಭಾಗದ ಸಮಯವನ್ನೂ ಹಾಕಿ.

ಪ್ರಶ್ನಾವಳಿಯ ಜೊತೆಗೆ ಒಂದು ಪುಟದ ಕೆಲಸದ ಲೆಕ್ಕ ಇರಲಿ: ಕಳೆದ 30 ದಿನಗಳಲ್ಲಿ ರಾತ್ರಿ ಕರೆಗಳು ಎಷ್ಟು, ಪೂರ್ತಿ ರಜೆ ಸಿಕ್ಕ ದಿನಗಳೆಷ್ಟು, ಪ್ರಭಾರದ ಸಂಸ್ಥೆಗಳೆಷ್ಟು, ಸಹಾಯಕ ಸಿಬ್ಬಂದಿಯ ಖಾಲಿ ಹುದ್ದೆಗಳೆಷ್ಟು, ಆ್ಯಪ್‌ಗೆ ಮಾಹಿತಿ ತುಂಬಲು ದಿನಕ್ಕೆ ಎಷ್ಟು ಹೊತ್ತು, ಬೈಗುಳ ಅಥವಾ ಬೆದರಿಕೆ ಎಷ್ಟು ಬಾರಿ. ದಣಿವಿನ ಅಂಕವನ್ನು ಈ ಲೆಕ್ಕದ ಜೊತೆ ಇಟ್ಟಾಗ ಮಾತ್ರ ಯಾವ ಮೊಳೆ ಎಲ್ಲಿ ಚುಚ್ಚುತ್ತಿದೆ ಎಂದು ಕಾಣುತ್ತದೆ. ಲಸಿಕೆಯ ತಿಂಗಳಲ್ಲಿ ಒಮ್ಮೆ, ಅದಿಲ್ಲದ ತಿಂಗಳಲ್ಲಿ ಒಮ್ಮೆ, ಹೀಗೆ ವರ್ಷಕ್ಕೆ ಎರಡು ಬಾರಿ ಕೇಳಿ. ನಿಮ್ಮ ಹೋಲಿಕೆ ನಿಮ್ಮ ಜಿಲ್ಲೆಯ ಹಿಂದಿನ ಸುತ್ತಿನ ಜೊತೆಗೇ ಇರಲಿ.

ಗೋಪ್ಯತೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಗೂಗಲ್ ಫಾರ್ಮ್‌ನಲ್ಲಿ ಇಮೇಲ್ ದಾಖಲಾಗುವ ಆಯ್ಕೆಯನ್ನು ತೆಗೆದುಹಾಕಿ. ಒಂದು ತಾಲ್ಲೂಕಿನಲ್ಲಿ ಆರೇಳು ಪಶುವೈದ್ಯರಿರುವಾಗ ‘ಮಹಿಳೆ, 30ರಿಂದ 35 ವರ್ಷ, ಇಂಥ ತಾಲ್ಲೂಕು’ ಎಂದರೆ ಹೆಸರು ಹೇಳಿದಂತೆಯೇ. ಹತ್ತಕ್ಕಿಂತ ಕಡಿಮೆ ಜನರ ಯಾವ ಗುಂಪಿನ ಫಲಿತಾಂಶವನ್ನೂ ಬೇರ್ಪಡಿಸಿ ತೋರಿಸಬಾರದು. ಇಲಾಖೆಯೇ ಸಮೀಕ್ಷೆ ನಡೆಸಿದರೆ ಎಲ್ಲರಿಗೂ ತಲುಪುತ್ತದೆ, ಆದರೆ ವರ್ಗಾವಣೆಯ ಭಯದಿಂದ ಉತ್ತರಗಳು ಸಿಹಿಯಾಗುತ್ತವೆ. ಸಂಘ ನಡೆಸಿದರೆ ಉತ್ತರಗಳು ಬಿಚ್ಚುಮನಸ್ಸಿನವು, ಆದರೆ ಬೇಡಿಕೆಗಾಗಿ ಮಾಡಿದ್ದು ಎಂಬ ಅನುಮಾನ ಉಳಿಯುತ್ತದೆ. ಪಶುವೈದ್ಯಕೀಯ ಕಾಲೇಜಿನ ಅಥವಾ ಹತ್ತಿರದ ವೈದ್ಯಕೀಯ ಕಾಲೇಜಿನ ಸಮುದಾಯ ಆರೋಗ್ಯ ವಿಭಾಗದ ಕೈಗೆ ಕೊಡುವುದು ನಿಧಾನದ ದಾರಿ. ನೈತಿಕ ಸಮಿತಿಯ ಒಪ್ಪಿಗೆಗೇ ತಿಂಗಳುಗಳು ಹಿಡಿಯಬಹುದು. ಆದರೂ ನನ್ನ ಮತ ಅದಕ್ಕೇ.

ಇಲಾಖೆಗೆ ಏನು ಕೇಳಬೇಕೆಂಬುದನ್ನು ಅಳೆಯುವ ಮೊದಲೇ ಗೊತ್ತುಮಾಡಿಕೊಳ್ಳಿ. ಬರಿಯ ದಣಿವಿನ ಅಂಕಿ ಕೊಟ್ಟರೆ ನಿಮಗೆ ಸಿಗುವುದು ಒಂದು ದಿನದ ಒತ್ತಡ ನಿರ್ವಹಣಾ ಶಿಬಿರ, ಅದೂ ಹೆಚ್ಚಾಗಿ ಭಾನುವಾರ. ಧ್ಯಾನ, ಯೋಗಗಳನ್ನು ನಾನು ತಳ್ಳಿಹಾಕುವುದಿಲ್ಲ, ಹಲವರಿಗೆ ಅವು ಆಸರೆಯಾಗಿವೆ. ಆದರೆ ವೈದ್ಯರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ವ್ಯಕ್ತಿಯನ್ನು ತಿದ್ದುವ ಕ್ರಮಗಳಿಗಿಂತ ಪಾಳಿ, ಹೊರೆ ಮತ್ತು ಕೆಲಸದ ವ್ಯವಸ್ಥೆಯನ್ನು ತಿದ್ದುವ ಕ್ರಮಗಳು ಹೆಚ್ಚು ಫಲ ಕೊಟ್ಟಿದ್ದವು, ಎರಡರ ಫಲವೂ ದೊಡ್ಡದೇನಲ್ಲದಿದ್ದರೂ. ಅಕ್ಕಪಕ್ಕದ ನಾಲ್ಕು ಆಸ್ಪತ್ರೆಗಳು ಸೇರಿ ರಾತ್ರಿ ಕರೆಗಳಿಗೆ ಸರದಿ ಹಾಕಿಕೊಳ್ಳುವುದು, ತಡರಾತ್ರಿ ದುಡಿದವರಿಗೆ ಮರುದಿನ ಅರ್ಧ ದಿನದ ಬಿಡುವು, ಆ್ಯಪ್‌ಗೆ ಮಾಹಿತಿ ತುಂಬಲು ಬೇರೆ ಕೈ, ದೂರು ಬಂದಾಗ ವೈದ್ಯರ ಮಾತನ್ನೂ ಕೇಳಿದ ಮೇಲಷ್ಟೇ ನೋಟಿಸು. ಇವುಗಳಲ್ಲಿ ಮೊದಲನೆಯದಕ್ಕೆ ಸರ್ಕಾರದ ಆದೇಶವೂ ಬೇಕಾಗಿಲ್ಲ, 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಪಶುಚಿಕಿತ್ಸಾ ವಾಹನದ ಸಿಬ್ಬಂದಿಯನ್ನೂ ಮಾತನಾಡಿಸಿ ನೀವೇ ಶುರು ಮಾಡಬಹುದು. ಅಪಾಯವೆಂದರೆ, ಸರದಿಯಲ್ಲಿ ಒಬ್ಬರು ಫೋನ್ ಎತ್ತದಿದ್ದರೆ ಬೈಗುಳ ಆ ಊರಿನ ವೈದ್ಯರಿಗೇ ಬರುತ್ತದೆ. ಸರದಿಯ ಪಟ್ಟಿಯನ್ನು ಹಾಲಿನ ಡೇರಿಯ ಗೋಡೆಗೆ ಅಂಟಿಸಿ, ರೈತರಿಗೆ ಮೊದಲೇ ತಿಳಿಸಿದ ಕಡೆ ಈ ಜಗಳ ಕಡಿಮೆ.

ಪತ್ರಿಕೆಗಳಿಗೆ ಈಗಿನ ಫಲಿತಾಂಶ ಬೇಡ. ‘ಪಶುವೈದ್ಯರಲ್ಲಿ ಮೂರರಲ್ಲಿ ಇಬ್ಬರು ಮಾನಸಿಕ ಅಸ್ವಸ್ಥರು’ ಎಂಬ ತಲೆಬರಹ ಬಂದರೆ ಅದನ್ನು ಹಿಂದಕ್ಕೆ ಪಡೆಯಲು ನಿಮ್ಮಿಂದಾಗದು, ಮುಂದಿನ ಸಮೀಕ್ಷೆಗೆ ಯಾರೂ ಉತ್ತರಿಸುವುದೂ ಇಲ್ಲ. ಕೊಡಲೇಬೇಕೆಂದಿದ್ದರೆ ನಿಮ್ಮ ಜಿಲ್ಲೆಯ ಖಾಲಿ ಹುದ್ದೆ, ಪ್ರಭಾರ ಮತ್ತು ರಾತ್ರಿ ಕರೆಗಳ ಲೆಕ್ಕವನ್ನು ಕೊಡಿ. ನಿಮ್ಮ ರಕ್ತಪರೀಕ್ಷೆಯ ವರದಿ ಬಂದ ಮೇಲೆ, ಅದರಲ್ಲಿ ಏನೇ ಇರಲಿ, ನನಗೆ ಒಂದು ಸಾಲು ಬರೆಯಿರಿ.